ಒಡೆಯದೆ ಉಳಿದ ಮೂರು ಪ್ಯಾಕೆಟ್

ಹನ್ನೊಂದು ವರ್ಷದಿಂದ ಆಕೆಯದು ಒಂದೇ ಕೆಲಸ, ತಪ್ಪು ಹುಡುಕುವುದು. ಬಟ್ಟೆ ಕಾರ್ಖಾನೆಯಲ್ಲಿ ಮೂರನೆಯ ಲೈನಿನ ತುದಿಗೆ, ಟ್ಯೂಬ್‌ಲೈಟಿನ ಕೆಳಗೆ, ಒಂದು ಬಿಳಿ ಮೇಜು. ಹೊಲಿದ ಅಂಗಿಗಳೆಲ್ಲ ಅಲ್ಲಿಗೇ ಬರಬೇಕು. ಕಾಲರಿನಿಂದ ಶುರು ಮಾಡಿ ಎಡ ಭುಜ, ತೋಳು, ಬಗಲು, ಕೆಳಗಿನ ಅಂಚು, ಬಲಗಡೆಯಿಂದ ಮತ್ತೆ ಮೇಲಕ್ಕೆ. ಆಮೇಲೆ ಒಳಮೈ ಹೊರಗೆ ಮಾಡಿ ಅದೇ ಸುತ್ತು. ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್. ಹೊಲಿಯುವ ಹುಡುಗಿಯರು ಎದುರಿಗೆ ‘ಚೆಕಿಂಗ್ ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಭೂತಗನ್ನಡಿ’. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಊರೆಲ್ಲ ಬಯ್ಯುತ್ತದೆ. ಈಕೆಗೆ ಅದಕ್ಕೇ ಸಂಬಳ.

ಒಂದೇ ಬಗೆಯ ಬಟ್ಟೆ ಸವರಿ ಸವರಿ ಬೆರಳ ತುದಿ ಜೋಮು ಹಿಡಿದಂತಾಗಿತ್ತು. ಬಿಸಿ ಪಾತ್ರೆ ಬರಿಗೈಯಲ್ಲಿ ಇಳಿಸಿದರೂ ಸುಟ್ಟದ್ದು ಗೊತ್ತಾಗುತ್ತಿದ್ದುದು ಬೊಬ್ಬೆ ಎದ್ದ ಮೇಲೆಯೇ. ಹೂಂ, ಬೆರಳಿಗೆ ಮಾತ್ರ ಹಾಗಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯಿಲ್ಲದ ಬಚ್ಚಲು. ಗಂಡ ಲಾರಿ ಓಡಿಸುವವನು, ತಿಂಗಳಿಗೆ ಎರಡು ಸಲ ಬಂದು ನಿದ್ದೆ ಮಾಡಿಕೊಂಡು ಹೋಗುವ ಗಿರಾಕಿ. ಉಳಿದವಳು ಹದಿನೈದರ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದು ಕರೆದದ್ದು ಈಗ ತಾಯಿಗಿಂತ ಎತ್ತರ ಬೆಳೆದರೂ ಹಾಗೇ ಉಳಿದಿತ್ತು.

ಗುಬ್ಬಿ ಮೊದಲು ಮುಟ್ಟಾದದ್ದು ಹದಿಮೂರೂವರೆಗೆ. ಅಂದು ಕಿವಿಯ ಹತ್ತಿರ ಬಾಯಿಟ್ಟು, “ಅಮ್ಮ, ಆಯ್ತು” ಎಂದಿದ್ದಳು. ಆಮೇಲೂ ಪ್ರತಿ ಸಲ ಅದೇ ಎರಡು ಮಾತು, ಅದೇ ಪಿಸುದನಿ. ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿ ಮುಟ್ಟು ನಿಂತುಹೋಗಿತ್ತು. ಆದ್ದರಿಂದ ತಿಂಗಳ ಸಾಮಾನಿನ ಜೊತೆ ತಂದು ಬಚ್ಚಲ ಹಲಗೆಯ ಮೇಲೆ ಇಡುತ್ತಿದ್ದ ಪ್ಯಾಡಿನ ಪ್ಯಾಕೆಟ್ ಮಗಳೊಬ್ಬಳಿಗೇ. ಆ ಪಿಸುಮಾತು ಯಾವಾಗ ನಿಂತಿತೋ ಆಕೆ ಗಮನಿಸಲಿಲ್ಲ. ಆರ್ಡರ್ ಮುಗಿಸುವ ಅವಸರ, ಭಾನುವಾರವೂ ಕೆಲಸ. ಒಂದು ಸಂಜೆ ಗುಬ್ಬಿ ಬಾಗಿಲಿಗೆ ಒರಗಿ, “ಅಮ್ಮ, ಒಂದ್ ಮಾತು” ಎಂದದ್ದು ನೆನಪಿದೆ. “ನಾಳೆ ಹೇಳೇ, ತಲೆ ಸಿಡೀತಿದೆ” ಎಂದು ಈಕೆ ಮಗ್ಗುಲು ಬದಲಿಸಿದ್ದೂ ನೆನಪಿದೆ.

ಹೊಸ ಪ್ಯಾಕೆಟ್ ಇಡಲು ಕೈ ಎತ್ತಿದ ದಿನ ಹಲಗೆಯ ಮೇಲೆ ಜಾಗವಿರಲಿಲ್ಲ. ಮೂರು ಪ್ಯಾಕೆಟ್ ಒಂದರ ಮೇಲೊಂದು ಕೂತಿದ್ದವು. ತಿರುಗಿಸಿ ನೋಡಿದಳು, ಒಂದರ ಅಂಟೂ ಬಿಟ್ಟಿರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ, ಕೋಣೆಯಲ್ಲೇ ಮಗಳಿದ್ದಳು. ಕೂಗಲಿಲ್ಲ. ಅಂಗಿಯ ಪೀಸು ಕೈಗೆ ಬಂದರೆ ಹೊಲಿದವಳನ್ನು ಕೇಳುವ ಪದ್ಧತಿ ಕಾರ್ಖಾನೆಯಲ್ಲಿ ಇಲ್ಲ. ಕಣ್ಣಲ್ಲಿ ನೋಡಬೇಕು, ಅಷ್ಟೇ.

ಮರುದಿನ ಊಟದ ಹೊತ್ತಿಗೆ ಪಕ್ಕದ ಮೇಜಿನ ಇಸ್ತ್ರಿ ಅಕ್ಕನ ಹತ್ತಿರ, ಯಾರದೋ ಸುದ್ದಿ ಎನ್ನುವ ಹಾಗೆ ಬಾಯಿಬಿಟ್ಟಳು. ಇಸ್ತ್ರಿ ಅಕ್ಕ ತುತ್ತು ಕೆಳಗಿಟ್ಟಳು.

“ಮೂರು ತಿಂಗಳಾ? ಅಯ್ಯೋ, ಮೊದ್ಲು ಟೆಸ್ಟ್ ಮಾಡಿಸೋಕೆ ಹೇಳ್ರೀ. ಹೊಟ್ಟೆ ಕಾಣಿಸಿಕೊಂಡ ಮೇಲೆ ಬಾಯಿ ಬಡ್ಕೊಂಡ್ರೆ ಏನು ಬಂತು?”

“ಆ ಹುಡುಗಿ ಹಂಗಲ್ವಂತೆ.”

“ಯಾರೂ ಹಂಗಲ್ಲ ಬಿಡಿ, ಆಗೋವರೆಗೂ.”

ಅಷ್ಟು ಸಾಕಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಗಳು ಹೊದ್ದು ಮಲಗಿದರೆ ಅನುಮಾನ, ಊಟ ಬಿಟ್ಟರೆ ಅನುಮಾನ, ಫೋನ್ ನೋಡಿ ನಕ್ಕರಂತೂ ಕೇಳುವುದೇ ಬೇಡ. ಪರಿಚಯದವರು ಯಾರೂ ಕಾಣಬಾರದೆಂದು ಎರಡು ಸ್ಟಾಪ್ ಮುಂದೆ ಇಳಿದು, ಅಲ್ಲಿಯ ಔಷಧಿ ಅಂಗಡಿಯಲ್ಲಿ ಗರ್ಭ ಪರೀಕ್ಷೆಯ ಪಟ್ಟಿ ಕೊಂಡಳು.

ರಜೆಯ ದಿನ ಬೆಳಿಗ್ಗೆ, ಗುಬ್ಬಿ ಕಣ್ಣುಜ್ಜಿಕೊಂಡು ಎದ್ದ ಕೂಡಲೇ, ಕೈಗೆ ಒಂದು ಹಳೆಯ ಪ್ಲಾಸ್ಟಿಕ್ ಲೋಟ ಕೊಟ್ಟಳು.

“ಇದ್ರಲ್ಲಿ ಹಿಡ್ಕೊಂಡು ಬಾ.”

“ಏನನ್ನ?”

“ಉಚ್ಚೆ. ಹೇಳಿದಷ್ಟು ಮಾಡು.”

ಗುಬ್ಬಿಯ ಕಣ್ಣು ಅಡುಗೆಕಟ್ಟೆಯ ಮೇಲಿದ್ದ ಡಬ್ಬಿಗೆ ಹೋಯಿತು. ಓದು ಬರುವ ಹುಡುಗಿ. ಓದಿದಳು. ಅಳುತ್ತಾಳೆ, ಜಗಳ ಆಡುತ್ತಾಳೆ ಎಂದು ತಾಯಿ ಮೈಯೆಲ್ಲ ಬಿಗಿ ಹಿಡಿದು ನಿಂತಿದ್ದಳು. ಹುಡುಗಿ ಒಳಗೆ ಹೋಗಿ ಬಂದು ಲೋಟವನ್ನು ಕಟ್ಟೆಯ ಮೇಲಿಟ್ಟು ಗೋಡೆಗೆ ಒರಗಿದಳು. ತಾಯಿ ಪಟ್ಟಿ ಅದ್ದಿದಳು. ಒಂದೇ ಗೆರೆ ಮೂಡಿತು. ಐದು ನಿಮಿಷ ಕಾದರೂ ಎರಡನೆಯದು, ಬಸಿರಿನ ಗೆರೆ, ಮೂಡಲಿಲ್ಲ. ತಾಯಿಗೆ ಬೆಟ್ಟ ಇಳಿಸಿದಂತಾಗಿ ನಗು ಬಂದುಬಿಟ್ಟಿತು. ದೇವರಾಣೆ, ಹಲ್ಲು ಕಾಣುವ ಹಾಗೆ ನಕ್ಕಳು. ಇಡೀ ಕಥೆಯಲ್ಲಿ ನನಗೆ ಸಹಿಸಲಾಗದ್ದು ಆ ನಗು.

ಮುಂದಿನ ವಾರ ಇನ್ನೊಂದು ಪಟ್ಟಿ ತಂದಳು. ಒಂದೇ ಸಲಕ್ಕೆ ನಂಬಬಾರದೆಂದು ಡಬ್ಬಿಯ ಮೇಲೇ ಬರೆದಿತ್ತಂತೆ. ಈ ಸಲ ತಾಯಿ ಹೇಳುವ ಮೊದಲೇ ಗುಬ್ಬಿ ಲೋಟ ತೆಗೆದುಕೊಂಡು ಹೋದಳು. ಮತ್ತೆ ಒಂದೇ ಗೆರೆ.

ಆಮೇಲೆ ಡಾಕ್ಟರ ಹತ್ತಿರ. ನಡುವಯಸ್ಸಿನ ಹೆಂಗಸು, ಕನ್ನಡಕ ತಲೆಯ ಮೇಲೆ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಹುಡುಗಿಯೊಬ್ಬಳನ್ನೇ ಮಾತಾಡಿಸಿದರು. ಮತ್ತೆ ಒಳಗೆ ಕರೆದಾಗ ಮೇಜಿನ ಮೇಲೆ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದು ಇತ್ತು. ಒಂದೂವರೆ ವರ್ಷದ ಮುಟ್ಟಿನ ತಾರೀಕುಗಳೆಲ್ಲ ಗುಬ್ಬಿಯ ದುಂಡು ಅಕ್ಷರದಲ್ಲಿದ್ದವು. ಕೊನೆಯಲ್ಲಿ, ‘ಅಮ್ಮನಿಗೆ ಹೇಳಬೇಕು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು.

“ಶುರುವಾದ ಮೊದಲ ಎರಡು ಮೂರು ವರ್ಷ ಹಿಂದೆ ಮುಂದೆ ಆಗೋದು ಸಾಮಾನ್ಯ ಕಣಮ್ಮ,” ಎಂದರು ಡಾಕ್ಟರು. “ದೇಹ ಇನ್ನೂ ಲಯಕ್ಕೆ ಬರ್ತಾ ಇರುತ್ತೆ. ಮೂರು ತಿಂಗಳು ದಾಟಿದೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸೋಣ. ಥೈರಾಯ್ಡ್ ನೋಡೋಣ, ರಕ್ತ ಕಮ್ಮಿ ಇದೆಯಾ ನೋಡೋಣ. ಇವಳು ತನಗೆ ದೊಡ್ಡ ಕಾಯಿಲೆ ಬಂದಿದೆ, ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದಾಳೆ. ನಿಮಗೆ ಹೇಳ್ಲಿಲ್ವಾ?”

ತಾಯಿ ಮಗಳ ಮುಖ ನೋಡಿದಳು.

“ಅಮ್ಮ ಕೇಳ್ಲಿಲ್ಲ,” ಎಂದಳು ಗುಬ್ಬಿ. ಸಿಟ್ಟಿನಿಂದಲ್ಲ, ವಿಳಾಸ ಹೇಳಿದ ಹಾಗೆ.

ರಕ್ತ ಸ್ವಲ್ಪ ಕಮ್ಮಿ, ಉಳಿದದ್ದೆಲ್ಲ ಸರಿ ಎಂದು ವರದಿ ಬಂತು. ಗುಬ್ಬಿ ಕಬ್ಬಿಣದ ಮಾತ್ರೆ ತಪ್ಪದೆ ನುಂಗಿದಳು. ಊಟ, ಸ್ಕೂಲು, ಪಾತ್ರೆ ತೊಳೆಯುವುದು, ಯಾವುದರಲ್ಲೂ ಕುಂದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದೆ ಒಂದಕ್ಷರ ಇಲ್ಲ. ಮನೆ ಬಿಕೋ ಎನ್ನುತ್ತಿತ್ತು. ತಾಯಿಗೆ ಬೇಕಾಗಿದ್ದುದು ಆ ಹಳೆಯ ಎರಡು ಮಾತು, ಕಿವಿಯ ಹತ್ತಿರ. ಅದಕ್ಕಾಗಿ ಪಾತ್ರೆ ತೊಳೆಯುವಾಗ ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮಗಳು ಜರುಗಿ ಜಾಗ ಬಿಡುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡದೆಯೇ ಹೋಗಿತ್ತು.

ಐದು ವಾರದ ಮೇಲೆ, ಬೆಳಿಗ್ಗೆ, ತಾಯಿ ಬುತ್ತಿ ಕಟ್ಟುತ್ತಿದ್ದಾಗ ಬಚ್ಚಲ ಬಾಗಿಲು ತೆರೆಯಿತು. ಗುಬ್ಬಿ ಬಂದು ಕಟ್ಟೆಯ ಮುಂದೆ ನಿಂತು ಕೈಯಲ್ಲಿದ್ದ ಕಾಗದದ ಪೊಟ್ಟಣ ಬಿಚ್ಚಿ ಹಿಡಿದಳು. ಒಳಗೆ ಬಳಸಿ ತೆಗೆದ ಪ್ಯಾಡ್.

“ನೋಡ್ಕೋ,” ಎಂದಳು.

ತಾಯಿ ನೋಡಿದಳು. ನೋಡಬಾರದಿತ್ತು, ಆದರೆ ಕಣ್ಣು ತನ್ನಷ್ಟಕ್ಕೆ ಎಡಗಡೆಯಿಂದ ಶುರು ಮಾಡಿ ಒಂದು ಸುತ್ತು ಬಂತು. ಹನ್ನೊಂದು ವರ್ಷದ ಅಭ್ಯಾಸ. ಸುತ್ತು ಮುಗಿದ ಮೇಲೆ ತಾನೇನು ಮಾಡಿದೆ ಎಂದು ತಿಳಿಯಿತು.

“ಬೇಡ ಕಣೇ ಗುಬ್ಬಿ. ಇದೆಲ್ಲ ತೋರಿಸ್ಬೇಡ. ಬಾಯಲ್ಲಿ ಹೇಳಿದ್ರೆ ಸಾಕು.”

“ಬಾಯಲ್ಲಿ ಹೇಳಿದ್ರೆ ನಂಬ್ತೀಯಾ?”

ಚುಚ್ಚಿ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು, ಉತ್ತರಕ್ಕಾಗಿ ಕಾದಳು ಕೂಡ. ತಾಯಿ ಬುತ್ತಿಯ ಡಬ್ಬಿಗೆ ಮುಚ್ಚಳ ಒತ್ತಿದಳು. ಗುಬ್ಬಿ ಪೊಟ್ಟಣ ಮತ್ತೆ ಮಡಚಿ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು, ಸ್ಕೂಲಿಗೆ ಹೊರಟಳು.

ಹನ್ನೊಂದು ಗಂಟೆಯ ಹೊತ್ತಿಗೆ ಬಿಳಿ ಮೇಜಿನ ಮೇಲೆ ನೀಲಿ ಅಂಗಿಯೊಂದು ಬಂತು. ಕಾಲರ್, ಎಡ ಭುಜ, ತೋಳು.

“ನಂಬ್ತೀನಿ,” ಎಂದಳು ಆಕೆ.

ಇಸ್ತ್ರಿ ಅಕ್ಕ ತಿರುಗಿದಳು. “ಏನಂದ್ರಿ?”

“ಏನಿಲ್ಲ,” ಎಂದು ಆಕೆ ಅಂಗಿಯ ಒಳಮೈಯನ್ನು ಹೊರಗೆ ತಿರುಗಿಸಿದಳು.