ಹನುಮಕ್ಕನ ಪಚ್ಚಬೊಟ್ಟು

ಮನೆಗೊಂದೇ ಕನ್ನಡಿ, ಅದೂ ಅಂಗೈಯಗಲದ್ದು, ಇರುತ್ತಿದ್ದ ಕಾಲ ಅದು. ಗಂಡಸರು ಗಡ್ಡ ಕೆರೆದುಕೊಳ್ಳಲು, ಹೆಂಗಸರು ಕುಂಕುಮ ಇಟ್ಟುಕೊಳ್ಳಲು ಗೋಡೆಯ ಗೂಡಿನಿಂದ ಅದನ್ನೇ ತೆಗೆದು ಮತ್ತೆ ಅಲ್ಲೇ ಇಡುತ್ತಿದ್ದರು. ಹಣೆ ಕಂಡರೆ ಗಲ್ಲ ಕಾಣದು, ಗಲ್ಲ ಕಂಡರೆ ಹಣೆ ಕಾಣದು. ತಮ್ಮ ಇಡೀ ಮುಖವನ್ನು ಒಮ್ಮೆಗೇ ನೋಡದೆ ಮುದುಕರಾದವರು ನಮ್ಮ ಕಡೆ ಎಷ್ಟೋ ಜನ. ಅಂಥವರ ನಡುವೆ ನಮ್ಮಪ್ಪ ಫೋಟೊ ಸ್ಟುಡಿಯೊ ತೆರೆದ.

ಐವತ್ತರ ದಶಕ ಮುಗಿಯುತ್ತಿತ್ತು, ನನಗೆ ಒಂಬತ್ತು ವರ್ಷ. ಅಪ್ಪ ಹಿಂದೂಪುರದ ಒಂದು ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಸ್ಟೂಲಿನ ಮೇಲೆ ಕೂತು ನೆಗೆಟಿವ್ ತಿದ್ದುವ ಕೆಲಸ ಮಾಡಿದ್ದ. ಫೋಟೊ ತೆಗೆಯುವುದು ಯಜಮಾನರು. ಮಚ್ಚೆ, ಸುಕ್ಕು, ಸಿಡುಬಿನ ಗುಳಿಗಳನ್ನು ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ಮಾಯ ಮಾಡುವುದು ಅಪ್ಪ. ಕೊನೆಗೆ ತನ್ನದೇ ಕ್ಯಾಮೆರಾ ಬೇಕೆಂಬ ಹುಚ್ಚು ಹತ್ತಿತು. ಹಳೆಯದೊಂದನ್ನು ಕೊಂಡು, ಕಡಲೆಕಾಯಿ ಕೀಳುವ ಹೊತ್ತಿಗೆ ನಮ್ಮನ್ನೆಲ್ಲ ಬಸ್ಸು ಹತ್ತಿಸಿಕೊಂಡು, ಕನ್ನಡ ತೆಲುಗು ಎರಡೂ ನಡೆಯುವ ಕಲ್ಯಾಣದುರ್ಗಕ್ಕೆ ಬಂದ. ಯಜಮಾನರು ಒಳ್ಳೆಯವರು. ಯುಗಾದಿಯವರೆಗೆ ಸ್ಟೂಲು ಖಾಲಿ ಇಟ್ಟಿರುತ್ತೇನೆ, ಆಗದಿದ್ದರೆ ನಾಚಿಕೆಪಡದೆ ಬಂದುಬಿಡು ಎಂದಿದ್ದರು. ಆ ಮಾತು ನಂಬಿಕೊಂಡು ಅಮ್ಮ ಪಾತ್ರೆಗಳಲ್ಲಿ ಅರ್ಧ ಮಾತ್ರ ಹೊರತೆಗೆದಳು. ಉಳಿದವು ಗೋಣಿಚೀಲದಲ್ಲೇ ಇದ್ದವು.

ನನಗಂತೂ ವಾಪಸು ಹೋಗುವುದು ಸುತರಾಂ ಬೇಡವಾಗಿತ್ತು. ಹಿಂದೂಪುರದಲ್ಲಿ ಸ್ಟುಡಿಯೊದೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಇಲ್ಲಿ ನಮ್ಮ ಪಡಸಾಲೆಯೇ ಸ್ಟುಡಿಯೊ. ನಾಲ್ಕು ಹೆಂಚು ತೆಗೆದು ಗಾಜು ಕೂರಿಸಿದ್ದರು, ಅಲ್ಲಿಂದ ಬೆಳಕು ಇಳಿಯುತ್ತಿತ್ತು. ಒಂದು ಕಡೆಯಿಂದ ಅಮ್ಮ ಹುರಿಯುವ ಕಡಲೆಬೀಜದ ವಾಸನೆ, ಇನ್ನೊಂದು ಕಡೆಯಿಂದ ಫೋಟೊ ತೊಳೆಯುವ ಹೈಪೋ ನೀರಿನ ಹುಳಿ ವಾಸನೆ. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಹಿಂದಿನ ಮಸುಕು ಗಾಜಿನಲ್ಲಿ ಎದುರಿಗೆ ಕೂತವರು ತಲೆಕೆಳಗಾಗಿ ಕಾಣುತ್ತಿದ್ದರು. ಯಾಕೆ ಹೀಗೆ ಎಂದು ಅಪ್ಪನ ಪ್ರಾಣ ತಿಂದೆ. ಬೆಳಕು ನೆಟ್ಟಗೆ ಹೋಗುತ್ತದೆ, ಮೇಲಿನಿಂದ ಬಂದದ್ದು ಕೆಳಕ್ಕೆ ಬೀಳುತ್ತದೆ ಎಂದ. ಅರ್ಥವಾಗಲಿಲ್ಲ, ಆದರೂ ಇಡೀ ಬೀದಿಗೆ ವಿವರಿಸಿ ಬಂದೆ.

ಆಮೇಲೆ ಎರಡು ದಿನ ಒಬ್ಬ ಹೆಂಗಸೂ ಸ್ಟುಡಿಯೊ ಕಡೆ ತಲೆಹಾಕಲಿಲ್ಲ. ತಲೆಕೆಳಗಾದರೆ ಸೀರೆಯ ಗತಿ ಏನು ಎಂಬುದು ಅವರ ಚಿಂತೆ. ಕೊನೆಗೆ ಅಮ್ಮನೇ ಕುರ್ಚಿಯಲ್ಲಿ ಕೂತಳು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಕರಿಬಟ್ಟೆ ಹೊಕ್ಕು, ಸೀರೆಯೂ ಮೈಗಂಟಿಕೊಂಡೇ ತಲೆಕೆಳಗಾಗಿದೆ, ಜಾರಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದರು. ಅಪ್ಪ ನನ್ನ ಕಿವಿ ಹಿಂಡಿದ, ಆದರೆ ನಗುತ್ತಲೇ ಹಿಂಡಿದ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂತೆಯ ದಿನ ಬೆಳುಗುಪ್ಪದಿಂದ ಹನುಮಕ್ಕ ಎಂಬ ಅಜ್ಜಿ ಸೊಸೆಯ ಜೊತೆ ಬಂದಳು. ಬೇಸಾಯದ ಮನೆಯಾಕೆ, ಎಪ್ಪತ್ತರ ಆಸುಪಾಸು, ಬೆಳ್ಳಗೆ ಹತ್ತಿಯಂಥ ಕೂದಲು. ಹಣೆಯ ನಡುವೆ ಉದ್ದ ಗೀಟು, ಅದರ ಎರಡು ಪಕ್ಕ ಚುಕ್ಕಿ, ಗಲ್ಲದ ಮೇಲೆ ಮೂರು ಚುಕ್ಕಿ, ಎಲ್ಲಾ ಹಚ್ಚೆ. ನಮ್ಮ ಕಡೆ ಅದಕ್ಕೆ ಪಚ್ಚಬೊಟ್ಟು ಎಂದೂ ಅನ್ನುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಅದಿಲ್ಲದ ಹೆಂಗಸೇ ಇರಲಿಲ್ಲ ಅನ್ನಬೇಕು. ಅಪ್ಪ ಲೆನ್ಸಿನ ಮುಚ್ಚಳ ತೆಗೆದು ಮೂರು ಎಣಿಸುವವರೆಗೆ ಅಜ್ಜಿ ಉಸಿರನ್ನೂ ಬಿಡಲಿಲ್ಲ.

ಆ ನೆಗೆಟಿವ್ ಮೇಲೆ ಅಪ್ಪ ಎರಡು ದಿನ ಕೂತ. ಕಿಟಕಿಯ ಬಳಿ ಇಳಿಜಾರು ಮಣೆ, ಅದರ ಮೇಲೆ ಗಾಜಿನ ನೆಗೆಟಿವ್. ಹಿಂದೂಪುರದಲ್ಲಿ ಕಲಿತದ್ದನ್ನೆಲ್ಲ ಅಜ್ಜಿಯ ಮುಖದ ಮೇಲೆ ಪ್ರಯೋಗ ಮಾಡಿದ. ಸುಕ್ಕು ಹೋಯಿತು, ಕಣ್ಣಡಿಯ ಚೀಲ ಹೋಯಿತು, ಹಣೆಯ ಗೀಟು ಹೋಯಿತು, ಗಲ್ಲದ ಚುಕ್ಕಿಗಳೂ ಹೋದವು. ಪ್ರಿಂಟು ಹಾಕಿದಾಗ ಯಾರೋ ತಹಸೀಲ್ದಾರರ ತಾಯಿಯಂತೆ ನುಣ್ಣಗೆ ಕೂತಿದ್ದಳು. ಅಪ್ಪನಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಒಂದು ಪ್ರತಿಯನ್ನು ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲೂ ತೂಗುಹಾಕಿದ.

ಮುಂದಿನ ಸಂತೆಗೆ ಹನುಮಕ್ಕ ಬಂದಳು. ಫೋಟೊ ಹಿಡಿದು, "ಎವರಮ್ಮಾ ಇದಿ?" ಎಂದು ತೆಲುಗಿನಲ್ಲಿ ಸೊಸೆಯನ್ನು ಕೇಳಿದಳು, ಯಾರಮ್ಮ ಇದು ಅಂತ. ನೀನೇ ಅತ್ತೆ ಎಂದಳು ಸೊಸೆ. ಅಜ್ಜಿ ಗಾಬರಿಯಿಂದ ಹಣೆ ಮುಟ್ಟಿಕೊಂಡಳು. ತನ್ನ ಪಚ್ಚಬೊಟ್ಟು ಮುಖದ ಮೇಲೆ ಇದೆಯೋ ಇಲ್ಲವೋ ನೋಡೆಂದು ಸೊಸೆಗೆ ಹೇಳಿದಳು. ಸೊಸೆ ಬೆಳಕಿಗೆ ಮುಖ ತಿರುಗಿಸಿ ನೋಡಿ, ಇದೆ ಎಂದ ಮೇಲೇ ಅವಳ ಕೈ ಕೆಳಗಿಳಿದದ್ದು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಸತ್ತಾಗ ಓಲೆ ಬಿಚ್ಕಂತಾರೆ, ಬಳೆ ಬಿಚ್ಕಂತಾರೆ. ನನ್ ಜತೆ ಬರೋದು ಇದೊಂದೇ ಕಣಪ್ಪ. ಅದ್ನೇ ಕಿತ್ಕಂಡ್ಬುಟ್ಯಲ್ಲ."

ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಅವಳು ಫೋಟೊವನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು. ಗಾಜಿನ ಪೆಟ್ಟಿಗೆಯಲ್ಲಿದ್ದದ್ದನ್ನು ಸಂತೆಗೆ ಬಂದವರೆಲ್ಲ ನೋಡಿದ್ದರು. ಅಲ್ಲಿ ಕೂತರೆ ಪಚ್ಚಬೊಟ್ಟು ಹೋಗುತ್ತದೆ ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ಹಳ್ಳಿಗಳನ್ನು ಮುಟ್ಟಿತು. ಎರಡು ಸಂತೆ ಕಳೆದರೂ ಹೆಂಗಸರಿಲ್ಲ. ಹೆಂಗಸರಿಲ್ಲದೆ ಮನೆಮಂದಿಯ ಫೋಟೊ ಎಲ್ಲಿಂದ ಬರಬೇಕು? ಅಪ್ಪ ಪೆಟ್ಟಿಗೆಯಿಂದ ಫೋಟೊ ತೆಗೆದು, ಹಿಂದೂಪುರದ ಯಜಮಾನರಿಗೆ ಕಾರ್ಡು ಬರೆಯಲು ಕೂತ. ಯುಗಾದಿಗೆ ಇನ್ನು ಮೂರು ವಾರವಿತ್ತು.

ನಾನು ಆ ನೆಗೆಟಿವ್ ಮುಂದೆ ಕೂತಿದ್ದೆ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು.

"ಅಪ್ಪಾ, ಅಜ್ಜಿ ಪಚ್ಚಬೊಟ್ಟು ಎಲ್ಲಿಗೋಯ್ತು?"

"ಎಲ್ಗೂ ಹೋಗಿಲ್ಲ ಕಣಮ್ಮ. ಪೆನ್ಸಿಲ್ ಕೆಳಗೇ ಐತೆ."

"ಮತ್ತೆ ಅಜ್ಜಿಗೆ ಹಂಗಂತ ಹೇಳಲಿಲ್ವಾ?"

ಅಪ್ಪ ನನ್ನನ್ನೇ ನೋಡಿದ. ಕಾರ್ಡಿನ ಮೇಲೆ ಹೆಸರಷ್ಟೇ ಬರೆದಿತ್ತು, ಅದನ್ನು ಮಗುಚಿಟ್ಟ. ಮಾರನೆಯ ಬೆಳಿಗ್ಗೆ ನೆಗೆಟಿವನ್ನು ಅಮ್ಮನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಪೆನ್ಸಿಲು ಅಳಿಸುವ ಟರ್ಪೆಂಟೈನ್ ಸೀಸೆ, ಹತ್ತಿ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಬೆಳುಗುಪ್ಪದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಗಾಜು ಒಡೆಯದಿರಲೆಂದು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದ.

ಹನುಮಕ್ಕ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಅಪ್ಪನ ಕಡೆ ತಿರುಗದೆ ನನ್ನ ಕೈಗೆ ಒಂದು ಹಿಡಿ ಬೀಜ ಹಾಕಿದಳು. ಅಷ್ಟರಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದರು. ಅಪ್ಪ ಸೀರೆಯ ತುಂಡು ಬಿಚ್ಚಿ ನೆಗೆಟಿವ್ ಹೊರತೆಗೆದ. ಹತ್ತಿಯನ್ನು ಸೀಸೆಯಲ್ಲಿ ಅದ್ದಿ ಗಾಜಿನ ಮೇಲೆ ಮೆಲ್ಲಗೆ ಒರೆಸಿದ. ಹತ್ತಿ ಕಪ್ಪಾಯಿತು. ಗಾಜನ್ನು ಬಿಸಿಲಿಗೆ ಎತ್ತಿ ಹಿಡಿದು, ನೋಡವ್ವ ಎಂದ.

ನೆಗೆಟಿವಿನಲ್ಲಿ ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪು. ಹನುಮಕ್ಕನ ಹಣೆಯ ಗೀಟು, ಗಲ್ಲದ ಚುಕ್ಕಿಗಳು ಬಿಸಿಲಿಗೆ ಥಳಥಳ ಹೊಳೆದವು. ಅವಳ ಬಿಳಿ ಕೂದಲು ಇದ್ದಿಲಿನಷ್ಟು ಕಪ್ಪಗಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳವ್ವ, ಏನು ಇರ್ಲಿ, ಏನು ಮುಚ್ಲಿ?" ಎಂದು ಕೇಳಿದ ಅಪ್ಪ. ಫೋಟೊಕ್ಕೆ ಕೂತವರನ್ನು ಅವನು ಹಾಗೆ ಕೇಳಿದ್ದು ಅದೇ ಮೊದಲು.

"ಎಲ್ಲಾ ಇರ್ಲಿ ಕಣಪ್ಪ. ಈ ಕೂದ್ಲು ಮಾತ್ರ ಹಿಂಗೇ ಕರ್ರಗೆ ಬತ್ತದಾ ನೋಡು."

ಕೇರಿಯೆಲ್ಲ ನಕ್ಕಿತು. ನನಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ. ಮುಂದಿನ ಸಂತೆಗೆ ಬೆಳುಗುಪ್ಪದ ಏಳು ಜನ ಹೆಂಗಸರು ಒಟ್ಟಿಗೇ ಬಂದು ಸಾಲಾಗಿ ಕೂತರು. ಯುಗಾದಿಯ ದಿನ ಅಮ್ಮ ಗೋಣಿಯಲ್ಲಿದ್ದ ಪಾತ್ರೆಗಳನ್ನೆಲ್ಲ ಬೆಳಗಿ, ಹೋಳಿಗೆಯ ಹೂರಣ ಬೇಯಿಸಿದಳು.

ಆಮೇಲೆ ಅಪ್ಪ ಯಾರನ್ನೂ ಕೇಳದೆ ಪೆನ್ಸಿಲು ಹಿಡಿಯಲಿಲ್ಲ. ಎತ್ತು ಹಾಯ್ದ ಗಾಯ ಎದ್ದು ಕಾಣಲಿ ಎಂದವರಿದ್ದರು. ಮೀಸೆ ಸ್ವಲ್ಪ ದಪ್ಪ ಮಾಡು ಎಂದು ಪಿಸುಗುಟ್ಟಿದವರಿದ್ದರು. ಒಬ್ಬಾಕೆ ತನ್ನ ಮೆಳ್ಳೆಗಣ್ಣು ಸರಿಮಾಡಿಸಿಕೊಂಡು, ವಾರ ಬಿಟ್ಟು ಬಂದು, ಗಂಡ ಒಪ್ಪುತ್ತಿಲ್ಲ, ಮೊದಲಿನಂಗೇ ಮಾಡಿಕೊಡಿ ಎಂದಳು. ಒಬ್ಬ ಮನುಷ್ಯನಿಗೆ ತನ್ನ ಮುಖದಲ್ಲಿ ಯಾವುದು ತನ್ನದು ಅನ್ನಿಸುತ್ತದೆಂದು ಹೊರಗಿನವರಿಗೆ ಊಹಿಸಲಾಗದು, ಕೇಳಿಯೇ ತಿಳಿಯಬೇಕು. ಅಪ್ಪ ಆ ಕಸುಬಿನಲ್ಲಿ ಕಲಿತದ್ದರಲ್ಲಿ ನನಗೆ ದೊಡ್ಡದೆನಿಸಿದ್ದು ಇದೇ.

ಅಪ್ಪ ಹೋಗಿ ಬಹಳ ವರ್ಷವಾಯಿತು, ಸ್ಟುಡಿಯೊ ಅದಕ್ಕೂ ಮೊದಲೇ ಮುಚ್ಚಿತು. ಹಣೆಯ ಮೇಲೆ ಪಚ್ಚಬೊಟ್ಟಿನ ಗೀಟು ಇರುವವರು ಈಗ ಬೆಳುಗುಪ್ಪದಲ್ಲೂ ಸಿಗುವುದಿಲ್ಲ. ಊರಿಗೆಲ್ಲ ಫೋಟೊ ತೆಗೆದ ಅಪ್ಪ, ನಾಳೆ ನಾಳೆ ಎಂದು ಅಮ್ಮನದೊಂದು ಒಳ್ಳೆ ಫೋಟೊ ತೆಗೆಯಲೇ ಇಲ್ಲ. ಅಮ್ಮ ಹಿಂದೂಪುರದಲ್ಲಿ ನನ್ನ ತಮ್ಮನ ಮನೆಯಲ್ಲಿ ತೀರಿಕೊಂಡಾಗ, ಅವನ ಮಗನ ಫೋನಿನಲ್ಲಿದ್ದ ಒಂದೇ ಒಂದು ಚಿತ್ರವನ್ನು ಅಲ್ಲಿನ ಯಾವುದೋ ಸ್ಟುಡಿಯೊಕ್ಕೆ ಕೊಟ್ಟು ದೊಡ್ಡದು ಮಾಡಿಸಿದರು. ಅಮ್ಮನ ಬಲಗೆನ್ನೆಯಲ್ಲಿ ಬಿಸಿ ಎಣ್ಣೆ ಸಿಡಿದ ಕಲೆಯಿತ್ತು. ನಕ್ಕರೆ ಅದು ಮಡಿಚಿಕೊಳ್ಳುತ್ತಿತ್ತು. ಚೌಕಟ್ಟಿನಲ್ಲಿ ಬಂದವಳ ಕೆನ್ನೆ ನುಣ್ಣಗಿತ್ತು. ನಾನೇ ಸ್ಟುಡಿಯೊಕ್ಕೆ ಹೋಗಿ, ಮೇಲಿನದನ್ನು ಒರೆಸಿ ಕೆಳಗಿರುವುದನ್ನು ಕೊಡಪ್ಪ ಎಂದೆ. ಹುಡುಗ ಪಾಪ ಕಂಪ್ಯೂಟರಿನಲ್ಲಿ ಹುಡುಕಾಡಿ, "ಕೆಳಗೆ ಏನೂ ಇರಲ್ಲ ಮೇಡಂ, ಇದನ್ನೇ ಸೇವ್ ಮಾಡ್ಬಿಟ್ಟೆ" ಎಂದ. ಮೂಲ ಚಿತ್ರವಿದ್ದ ಫೋನು ಅಷ್ಟರಲ್ಲಿ ಕೆಟ್ಟುಹೋಗಿತ್ತು.

ಆ ಫೋಟೊಕ್ಕೆ ಹಬ್ಬಹಬ್ಬಕ್ಕೂ ಹೂವಿಡುತ್ತೇನೆ. ಅಮ್ಮನನ್ನು ನೋಡಬೇಕೆನಿಸಿದಾಗ ಅದರ ಮುಂದೆ ಕಣ್ಣು ಮುಚ್ಚಿಕೊಳ್ಳುತ್ತೇನೆ.