ಇಪ್ಪತ್ತೊಂದನೇ ನಂಬರಿನ ಬೇನೆ

ಮೊನ್ನೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡಿಸಲು ನಿಂತಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರನ್ನೇ ದಿಟ್ಟಿಸುತ್ತ, "ತಡೀರಿ ಅಜ್ಜಾರ, ರೋಗದ ಕೋಡ್ ಎಲ್ಲಾ ಬದಲಿ ಮಾಡ್ಯಾರ, ಹೊಸಾ ಪಟ್ಟಿ ಹುಡುಕಬೇಕು" ಎಂದಳು. ಹಿಂದಿದ್ದವರು ಗೊಣಗಿದರು. ನನಗೆ ಮಾತ್ರ ಅವಳ ಮೇಲೆ ಮಮತೆಯೇ ಉಕ್ಕಿತು. ಆ ಪಾಡು ಪಟ್ಟವನು ನಾನು.

ಎಂಬತ್ತರ ದಶಕದಲ್ಲಿ ಅಣ್ಣಿಗೇರಿ ಸೀಮೆಯ ಒಂದು ಹಳ್ಳಿಯ ದವಾಖಾನೆಯಲ್ಲಿ ನಾನು ಚೀಟಿ ಬರೆಯುವ ಗುಮಾಸ್ತನಾಗಿದ್ದೆ. ಮೊದಲೆಲ್ಲ ಹೆಸರು, ಊರು, ವಯಸ್ಸು ಬರೆದರೆ ಮುಗಿಯುತ್ತಿತ್ತು. ವಯಸ್ಸೂ ನನ್ನದೇ ಅಂದಾಜು. "ಪ್ಲೇಗ್ ಬಂದಾಗ ತೊಟ್ಟಿಲಾಗ ಇದ್ನಿ ನೋಡ್ರಿ" ಎನ್ನುವವರಿಗೆ ಮತ್ತೇನು ಬರೆಯುವುದು? ಹೀಗಿರುವಾಗ ಮೇಲಿನಿಂದ ಹುಕುಂ ಬಂತು, ಪ್ರತಿ ಚೀಟಿಯ ಮೇಲೂ ರೋಗದ ನಂಬರು ಇರಬೇಕೆಂದು. ನನ್ನ ತಲೆಗೆ ಅದು ಹತ್ತಲಿಲ್ಲ. ಪಟ್ಟಿಯನ್ನು ದಪ್ಪಕ್ಷರದಲ್ಲಿ ಬರೆದು ಕಿಟಕಿಯ ಪಕ್ಕ ಅಂಟಿಸಿಕೊಂಡೆ. ಸಾಲಿನಲ್ಲಿ ನಿಂತವರಿಗೆ ಬೇರೇನು ಕೆಲಸ? ಓದು ಬಂದವರು ಗಟ್ಟಿಯಾಗಿ ಓದಿದರು, ಬಾರದವರು ಕೇಳಿ ಕಲಿತರು. ನನಗಿಂತ ಮೊದಲು ಊರೇ ಬಾಯಿಪಾಠ ಮಾಡಿತು. "ನನಗ ಮೂರು, ನಮ್ಮ ಮುದುಕಗ ಹನ್ನೆರಡು. ಲಗೂನ ಬರೀರಿ, ಬಸ್ ಬರ್ತೈತಿ!"

ನನಗೆ ನಗು ಬರುತ್ತಿತ್ತು. ಆದರೆ ಇಪ್ಪತ್ತೊಂದನೇ ನಂಬರಿಗೆ ನಗಲಿಲ್ಲ. ಅದು ಹೆಂಗಸರ ಒಳಗಿನ ಬೇನೆಗಳ ನಂಬರು. ಸಾಲಿನಲ್ಲಿ ಮಾವ, ಮೈದುನ, ಗೌಡ ಎಲ್ಲರೂ ನಿಂತಿರುವಾಗ ಅದನ್ನು ಹೇಗೆ ಹೇಳಿಯಾರು? ಮೊದಲು "ತಲಿನೋವ್ರಿ" ಎಂದು ಗುಳಿಗೆ ಒಯ್ದು ಸುಮ್ಮನಾಗುತ್ತಿದ್ದರು. ಈಗ ಸೆರಗು ಬಾಯಿಗೆ ಹಿಡಿದು "ಇಪ್ಪತ್ತೊಂದ್ರಿ" ಎನ್ನತೊಡಗಿದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ಗಂಡಸರು ಮಾತ್ರ ಕೇಳದವರಂತೆ ಬೇವಿನ ಗಿಡ ನೋಡುತ್ತಿದ್ದರು. ಸರಕಾರ ಗೊತ್ತಿಲ್ಲದೆಯೇ ಮಾಡಿದ ಪುಣ್ಯದ ಕೆಲಸ ಅದು.

ಆದರೆ ಸರಕಾರಕ್ಕೆ ಸುಮ್ಮನಿರಲು ಬರಬೇಕಲ್ಲ! ವರ್ಷ ತುಂಬುವುದರೊಳಗೆ ಹೊಸ ಪಟ್ಟಿ ಬಂತು. ಇಪ್ಪತ್ತೊಂದು ಈಗ ಕಿವಿನೋವು. ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದೆ. ಊರಿನ ತಲೆಯಲ್ಲಿ ಅಂಟಿದ್ದನ್ನು ಕೀಳುವವರು ಯಾರು?

ಅದೇ ವಾರ ನೀಲವ್ವ ಬಂದಳು, ಎಳೆ ಬಾಣಂತಿ. ಅತ್ತೆ ಗಂಗವ್ವ ಹೊರಗೆ ಕಟ್ಟೆಯ ಮೇಲೆ ಕೂತು, ಹತ್ತಿ ಬಿಡಿಸೋ ಹೊತ್ತಿಗೆ ಸೊಸೆಗೆ ನೆವ ಹುಟ್ಟುತ್ತವೆಂದು ಬೈಯುತ್ತಿದ್ದಳು. ನೀಲವ್ವ "ಇಪ್ಪತ್ತೊಂದ್ರಿ" ಎಂದಳು, ನಾನೂ ಹಳೆಯ ರೂಢಿಯಲ್ಲಿ ಅದನ್ನೇ ಬರೆದೆ. ಡಾಕ್ಟರು ಚೀಟಿ ನೋಡಿ, "ಕಿವಿ ನೋಯ್ತದೇನ ತಂಗಿ?" ಎಂದು ಬ್ಯಾಟರಿ ಹಿಡಿದರು. ಅಷ್ಟರಲ್ಲಿ ಅತ್ತೆ ಬಂದು ಬಾಜೂಕ್ಕೇ ನಿಂತಿದ್ದಳು. ಹುಡುಗಿ ಹೂಂ ಎಂದು ಗೋಣು ಹಾಕಿದಳು. ಕಿವಿಗೆ ಬಿಡುವ ಔಷಧ ಹಿಡಿದು ಹೊರಟವಳು ಮೆಟ್ಟಿಲ ಮೇಲೆ ಕುಸಿದಳು. ಸಿಸ್ಟರ್ ಎತ್ತಿಕೊಳ್ಳಲು ಓಡಿದಾಗ ಸೀರೆಯೆಲ್ಲ ರಕ್ತ. ಹೆರಿಗೆಯಾದಾಗಿನಿಂದ ಅದು ನಿಂತೇ ಇರಲಿಲ್ಲವಂತೆ.

ಸಿಕ್ಕ ಲಾರಿಯಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಅವಳು ಉಳಿದಳೆಂಬ ಸುದ್ದಿ ಬರುವವರೆಗೆ ಹುಬ್ಬಳ್ಳಿಯಿಂದ ಬಂದ ಪ್ರತಿ ಬಸ್ಸಿನವರನ್ನೂ ವಿಚಾರಿಸುತ್ತಿದ್ದೆ. ಡಾಕ್ಟರು ನನ್ನನ್ನು ಕರೆದು, "ಕಿಟಕ್ಯಾಗ ಹಳೇ ಪಟ್ಟೀನ ಮತ್ತ ಹಚ್ಚರಿ. ಸರಕಾರಕ್ಕ ಬೇಕಾದ್ದನ್ನ ಸಂಜೀಕ ನಾ ತಿದ್ದಿ ಬರೀತೀನಿ" ಎಂದರು. ತಪಾಸಣೆಗೆ ಬಂದವರಿಂದ ಆಮೇಲೆ ಅದಕ್ಕಾಗಿ ಬೈಸಿಕೊಂಡರು, ಪಟ್ಟಿ ತೆಗೆಸಲಿಲ್ಲ.

ನೀಲವ್ವ ಚೇತರಿಸಿಕೊಂಡ ಮೇಲೆ ಅತ್ತೆಯೇ ಅವಳನ್ನು ಕರೆತಂದಳು. ಸೊಸೆಯ ಚೀಟಿ ಮುಗಿದರೂ ಗಂಗವ್ವ ಕಿಟಕಿ ಬಿಟ್ಟು ಕದಲಲಿಲ್ಲ. ಆಚೆ ಈಚೆ ನೋಡಿ, "ನಂದೂ ಒಂದು ಬರೀರಿ. ಇಪ್ಪತ್ತೊಂದು. ಈಕಿ ಗಂಡ ಹುಟ್ಟಿದಾಗಿಂದ ಐತ್ರಿ" ಎಂದಳು. ಅಂದರೆ, ನೀಲವ್ವನ ವಯಸ್ಸಿಗಿಂತ ಹಳೆಯ ಬೇನೆ.

"ಹಾಂ ಅಜ್ಜಾರ, ಪಟ್ಟಿ ಸಿಕ್ತು" ಎಂದಳು ಕೌಂಟರಿನ ಹುಡುಗಿ. "ಏನ್ ತ್ರಾಸ್ ಐತ್ರಿ? ಸ್ವಲ್ಪ ಜೋರಾಗಿ ಹೇಳ್ರಿ."

ನನ್ನದು ಮೂತ್ರದ ತೊಂದರೆ. ಹಿಂದೆ ತಿರುಗಿ ನೋಡಿದರೆ ಸಾಲಿನಲ್ಲಿ ನಮ್ಮ ಬೀಗರು, ಅವರ ಸೊಸೆ. ಕಿಟಕಿಯ ಒಳಗೆ ಕೂತೇ ಜೀವಮಾನ ಕಳೆದವನಿಗೆ ಹೊರಗೆ ನಿಲ್ಲುವುದೆಂದರೆ ಏನೆಂದು ಆಗ ಗೊತ್ತಾಯಿತು.

"ಕೆಮ್ಮರಿ" ಎಂದೆ.