ವೇಬ್ರಿಡ್ಜ್ ಕಂಪ್ಯೂಟರ್ ಬರೆದಿಟ್ಟದ್ದು

ನಾನು ಹೊಸಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ದಿನ ಕಂಪ್ಲಿಯ ರೈಸ್‌ಮಿಲ್ಲೊಂದರಿಂದ ಫೋನ್ ಬಂತು. ಭತ್ತದ ಲಾರಿ ತೂಗುವ ವೇಬ್ರಿಡ್ಜಿನ ಕಂಪ್ಯೂಟರ್ ಮೇಲಿಂದ ಮೇಲೆ ಬಂದ್ ಆಗುತ್ತಿದೆಯಂತೆ. ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಮಾಲೀಕರು ತೀರ್ಪು ಕೊಟ್ಟಾಗಿತ್ತು. ತೂಕದ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಕೂತ ಗುಮಾಸ್ತರತ್ತ ಕೈ ತೋರಿಸಿ, "ಇವ್ರಿಗೆ ಮಿಷನ್ ತಿಳಿಯಂಗಿಲ್ರಿ. ಏನರ ಒತ್ತಿ ಬಂದ್ ಮಾಡ್ತಾರ. ನಾಳಿಂದ ಬ್ಯಾರೆಯವ್ರನ್ನ ಕುಂದ್ರಸ್ತೀನಿ," ಎಂದರು.

ಗುಮಾಸ್ತರು ತಲೆಯೆತ್ತಲಿಲ್ಲ. "ನಾ ಏನೂ ಒತ್ತಿಲ್ಲವ್ವಾ," ಎಂದು ನನಗಷ್ಟೇ ಕೇಳುವಂತೆ ಹೇಳಿದರು.

ಇಂಥದ್ದಕ್ಕೆಲ್ಲ ಹಳೆಯ ವಿಂಡೋಸ್ ಅಳಿಸಿ ಹೊಸದು ಹಾಕುವುದು ನಮ್ಮ ಅಂಗಡಿಯ ರೂಢಿ. ಅಳಿಸಿದರೆ ಲಾಗ್ ಕೂಡ ಹೋಗುತ್ತದೆ. ಕಂಪ್ಯೂಟರ್ ತನಗೆ ಯಾವಾಗ ಏನಾಯಿತೆಂದು ಒಳಗೊಳಗೇ ಬರೆದಿಟ್ಟುಕೊಳ್ಳುವ ದಾಖಲೆ ಅದು. ನಾನು ಅಳಿಸಲಿಲ್ಲ. ಒಂದು ತಿಂಗಳ ಲಾಗನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಅಲ್ಲೇ ಕೂತು ಒಂದೊಂದೇ ಸಾಲು ಓದಿದೆ. ಸರಿಯಾಗಿ ಬಂದ್ ಮಾಡಿದ್ದರೆ ಹಾಗೆಂದು ಬರೆದಿರುತ್ತದೆ. ಇಲ್ಲಿ ಹನ್ನೊಂದು ಸಲ ಕರೆಂಟ್ ಇದ್ದಕ್ಕಿದ್ದಂತೆ ಕಡಿದ ಗುರುತಿತ್ತು.

"ಪ್ಲಗ್ ಕಿತ್ತರೂ ಹಂಗ ಬರ್ತೈತಲ್ಲ?" ಎಂದರು ಮಾಲೀಕರು.

ಪ್ರಶ್ನೆ ನ್ಯಾಯವಾಗಿಯೇ ಇತ್ತು. ತಾರೀಖುಗಳನ್ನು ಹಾಳೆಯಲ್ಲಿ ಬರೆದು ಗುಮಾಸ್ತರಿಗೆ ಕೊಟ್ಟೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಈ ಸೋಮವಾರ ನಾ ಸಂಡೂರಾಗಿದ್ದೆ. ಮಗಳ ಹೆರಿಗಿಗೆ ರಜಾ ಹಾಕಿದ್ದೆ."

"ಹಂಗಾದ್ರ ಅವತ್ತು ಇಲ್ಲಿ ಯಾರು ಕುಂತಿದ್ರು?" ಎಂದೆ.

ಮಾಲೀಕರು ಹಾಳೆ ಇಸಕೊಂಡು ಆ ತಾರೀಖು ನೋಡಿದರು. "ನಾನ ಕುಂತಿದ್ದೆ. ಕರೆಂಟ್ ಹೋತು ಅನ್ಕೊಂಡೆ."

ಆ ಹೊತ್ತಿಗೆ ಮಿಲ್ಲಿನಲ್ಲಿ ಏನು ನಡೆದಿತ್ತೆಂದು ನೋಡಲು, ಮೋಟರ್ ಶುರುಮಾಡಿದ ಹೊತ್ತು ಬರೆಯುವ ಪುಸ್ತಕವನ್ನು ಅವರೇ ತರಿಸಿದರು. ಎರಡು ದೊಡ್ಡ ಮೋಟರ್ ಒಟ್ಟಿಗೆ ಶುರುವಾದಾಗಲೆಲ್ಲ ಕಂಪ್ಯೂಟರ್ ಬಂದ್ ಆಗಿತ್ತು, ಹನ್ನೊಂದೂ ಸಲ. ವೋಲ್ಟೇಜ್ ಬೀಳುತ್ತಿತ್ತು, ಆಗ ಕೈಹಿಡಿಯಬೇಕಾದ ಯುಪಿಎಸ್ಸಿನ ಬ್ಯಾಟರಿ ಯಾವಾಗಲೋ ಸತ್ತಿತ್ತು.

ಮಧ್ಯಾಹ್ನ ಹೊಸ ಬ್ಯಾಟರಿ ಹಾಕಿ, ಎರಡೂ ಮೋಟರ್ ಒಟ್ಟಿಗೆ ಎಬ್ಬಿಸಿದೆವು. ಪರದೆ ಮಿಸುಕಲಿಲ್ಲ. ಮಾಲೀಕರು ಹಮಾಲರೆಲ್ಲರ ಎದುರಿಗೇ, "ತಪ್ಪಾತು ಕಾಕಾ. ಸುಮ್ಮಸುಮ್ಮನ ನಿಮಗ ಅಂದುಬಿಟ್ಟೆ," ಎಂದರು. ಗುಮಾಸ್ತರು ಕನ್ನಡಕ ಒರೆಸಿಕೊಂಡು ಕುರ್ಚಿಯಲ್ಲಿ ಕೂತು, ಮುಂದಿನ ಲಾರಿಗೆ ಕೈ ಮಾಡಿದರು. ಆ ಕೈ ಎತ್ತಿದ ಗತ್ತು ನೋಡಿ ನನ್ನ ಎದೆ ತುಂಬಿತು.

ಮೊದಲೂ ಎಷ್ಟೋ ಕಂಪ್ಯೂಟರ್ ಸರಿಮಾಡಿದ್ದೆ. ಒಬ್ಬರ ಮರ್ಯಾದೆ ಉಳಿಸಿದ್ದು ಅದೇ ಮೊದಲು. ಈಗ ಕಂಪ್ಲಿಯ ಮಿಲ್ಲುಗಳಿಂದ ಫೋನ್ ಬಂದರೆ, "ಆ ಲಾಗ್ ಓದೋ ಅಕ್ಕಾರನ್ನ ಕಳಸ್ರಿ," ಅನ್ನುತ್ತಾರೆ.